ಊರಿಗೆ ಹೊರಡುವ ಮುನ್ನ ಹ್ಯಾಂಡ್‌ಬ್ರೇಕ್ ಕಡೆ ಒಮ್ಮೆ ನೋಡಿ

ಆಗಸ್ಟ್ ಕೊನೆಯ ವಾರ ಬಂತೆಂದರೆ ನಮ್ಮ ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಬರಲೇಬೇಕು: "ಊರಿಂದ ಬಂದ್ವಿ, ಕಾರ್ ಸ್ಟಾರ್ಟ್ ಆಗ್ತಿದೆ, ಆದ್ರೆ ಜಗ್ತಾನೇ ಇಲ್ಲ, ಏನ್ ಮಾಡೋದು?" ಈ ಸಲ ಕೇಳಿದವರು ಕಳೆದ ವರ್ಷವಷ್ಟೇ ಬೆಂಗಳೂರಿನಿಂದ ಇಂಗ್ಲೆಂಡಿಗೆ ಬಂದ ದಂಪತಿ. ಮಕ್ಕಳ ಬೇಸಿಗೆ ರಜೆಯನ್ನೆಲ್ಲ ಊರಲ್ಲಿ ಕಳೆದು ಬಂದಿದ್ದಾರೆ, ಮನೆ ಮುಂದೆ ಹಳೆಯ ಟೊಯೋಟಾ ಯಾರಿಸ್ ಅಲುಗಾಡದೆ ನಿಂತಿದೆ. ಗುಂಪಿನ ಪಂಡಿತರು ಸುಮ್ಮನಿರುತ್ತಾರೆಯೇ? ಒಬ್ಬರು ಕ್ಲಚ್ ಹೋಯಿತು ಎಂದರು, ಇನ್ನೊಬ್ಬರು ಗೇರ್‌ಬಾಕ್ಸ್ ಎಂದರು, ಮತ್ತೊಬ್ಬ ಮಹಾನುಭಾವರು "ಚಕ್ರದ ಒಳಗೆ ಡಬ್ಲ್ಯೂಡಿ-40 ಹೊಡೀರಿ" ಎಂದರು. ನಾನು ಹೋಗಿ ನೋಡಿದರೆ ಗಂಡ ಡಬ್ಬಿ ಹಿಡಿದು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾನೆ. ಡಬ್ಬಿ ಕಿತ್ತುಕೊಂಡೆ.

ದಯವಿಟ್ಟು ಇದನ್ನು ಮೊದಲು ತಿಳಿದುಕೊಳ್ಳಿ. ಬ್ರೇಕ್ ಶೂವಿನ ಲೈನಿಂಗ್ ಒಮ್ಮೆ ಇಂಥ ಎಣ್ಣೆ ಕುಡಿಯಿತೆಂದರೆ ಆ ಶೂ ಹೋಯಿತೆಂದೇ ಲೆಕ್ಕ. ಕಾರು ಜಗ್ಗೀತು, ಆಮೇಲೆ ನಿಲ್ಲಬೇಕಾದಲ್ಲಿ ನಿಲ್ಲದು.

ಆಗಿದ್ದು ಇಷ್ಟೆ. ಸಣ್ಣ ಕಾರುಗಳ ಹಿಂದಿನ ಚಕ್ರದಲ್ಲಿ ಬಹಳಷ್ಟು ಸಲ ಡ್ರಮ್ ಬ್ರೇಕ್ ಇರುತ್ತದೆ, ಊರಲ್ಲಿ ಬಿಟ್ಟುಬಂದ ನಿಮ್ಮ ಆಲ್ಟೋದಲ್ಲಿ ಇದ್ದಂತೆಯೇ. ಹ್ಯಾಂಡ್‌ಬ್ರೇಕ್ ಎಳೆದಾಗ ಒಳಗಿನ ಎರಡು ಶೂ ಅಗಲಿಸಿಕೊಂಡು ಎರಕದ ಕಬ್ಬಿಣದ ಡ್ರಮ್ಮಿಗೆ ಒತ್ತಿ ಕೂರುತ್ತವೆ. ಹೊರಡುವ ಹಿಂದಿನ ದಿನ ಇವರು ಕಾರು ತೊಳೆದು, ಒದ್ದೆಯಲ್ಲೇ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಭದ್ರವಾಗಿ ಎಳೆದು ವಿಮಾನ ಹತ್ತಿದ್ದಾರೆ. ಇಲ್ಲಿನ ತೇವಕ್ಕೆ ಡ್ರಮ್ ತುಕ್ಕು ಹಿಡಿದು ಶೂವನ್ನು ಕಚ್ಚಿಕೊಂಡಿದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದಿನಗಳಲ್ಲಂತೂ ಕೇಳುವುದೇ ಬೇಡ.

ಜಾಮ್ ಆಗಿದ್ದು ಬ್ರೇಕೇ ಹೌದೋ ಅಲ್ಲವೋ ನೋಡುವುದು ಸುಲಭ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ, ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಕಾರಿನ ಹಿಂಭಾಗ ಕುಸಿದು ಎಂಜಿನ್ ಏದುಸಿರು ಬಿಟ್ಟರೆ ಕ್ಲಚ್ ಸರಿ ಇದೆ, ಹಿಂದೆ ಯಾರೋ ಹಿಡಿದಿದ್ದಾರೆ ಎಂದರ್ಥ. ಹೆಂಡತಿಯನ್ನೋ ಗಂಡನನ್ನೋ ಹೊರಗೆ, ಕಾರಿನ ದಾರಿಯಿಂದ ದೂರ ನಿಲ್ಲಿಸಿ ಯಾವ ಚಕ್ರ ತಿರುಗುತ್ತಿಲ್ಲ ಎಂದು ನೋಡಿಸಿ. ಆಮೇಲೆ ಬಗ್ಗಿ, ಆ ಚಕ್ರದ ಹಿಂದೆ ಬರುವ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ. ಲಿವರ್ ಇಳಿಸಿದ ಮೇಲೂ ಅದು ಬಿಗಿಯಾಗಿಯೇ ಇದ್ದರೆ ತುಕ್ಕು ಕೇಬಲ್ಲಿನೊಳಗಿದೆ. ಹೊಸ ಕೇಬಲ್ ಹಾಕಿಸಬೇಕು. ಸಡಿಲವಾಗಿದ್ದೂ ಚಕ್ರ ತಿರುಗದಿದ್ದರೆ ಶೂ ಕಚ್ಚಿದೆ. ಓಡಿಸಿದ ಮೇಲೆ ಕಾದು ವಾಸನೆ ಬರುತ್ತಿದ್ದರೆ, ಅಥವಾ ಟೈರಿನ ಒಳಮೈಯಲ್ಲಿ ಬ್ರೇಕ್ ಆಯಿಲ್ ಸೋರಿದ ಗುರುತಿದ್ದರೆ ವೀಲ್ ಸಿಲಿಂಡರನ್ನು ಅನುಮಾನಿಸಿ. ಅದು ಗ್ಯಾರೇಜಿನವರ ಕೆಲಸ, ನಿಮ್ಮದಲ್ಲ.

ಶೂ ಕಚ್ಚಿದ್ದರೆ ಫಸ್ಟ್ ಗೇರ್, ರಿವರ್ಸ್, ಮತ್ತೆ ಫಸ್ಟ್ ಎಂದು ಮೆಲ್ಲಗೆ ಅತ್ತಿತ್ತ ಆಡಿಸಿ. ಎಷ್ಟೋ ಸಲ 'ಟಪ್' ಎಂದು ಬಿಟ್ಟುಕೊಳ್ಳುತ್ತದೆ. ಆಕ್ಸಿಲರೇಟರ್ ತುಳಿದು ಹಟಕ್ಕೆ ಬೀಳಬೇಡಿ. ಕ್ಲಚ್ ಸುಟ್ಟೀತು, ಲೈನಿಂಗ್ ಲೋಹದಿಂದ ಕಿತ್ತು ಬಂದೀತು. ಇದಕ್ಕೆ ಬಗ್ಗದಿದ್ದರೆ ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಜಾಕ್ ಏರಿಸಿ, ಆಕ್ಸಲ್ ಸ್ಟ್ಯಾಂಡ್ ಕೊಟ್ಟ ಮೇಲೆ ಚಕ್ರ ಬಿಚ್ಚಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈಕಾಲು ತೂರಿಸಬೇಡಿ. ಡ್ರಮ್ಮಿನ ಮೇಲೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಎರಕದ ಕಬ್ಬಿಣ ಗುದ್ದಿದರೆ ಬಿರುಕು ಬಿಡುತ್ತದೆ. ಸ್ಟಡ್ಡುಗಳಿಗೆ ಏಟು ಬೀಳದಿರಲಿ. ನಡುನಡುವೆ ಕೈಯಿಂದ ತಿರುಗಿಸಿ ನೋಡಿ.

ಈ ಯಾರಿಸ್ ಅದಕ್ಕೂ ಜಗ್ಗಲಿಲ್ಲ. ಡ್ರಮ್ಮಿನ ಮುಖದಲ್ಲಿ ಒಳಗೆ ಥ್ರೆಡ್ ಇರುವ ಎರಡು ತೂತು ಕಾಣುತ್ತವೆ, ಅವು ಸುಮ್ಮನೆ ಇಲ್ಲ. 8 ಮಿಲಿಮೀಟರಿನ ಎರಡು ಬೋಲ್ಟ್ ಹಾಕಿ, ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು ಎಂದು ಬಿಗಿಸುತ್ತ ಹೋದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ. ಬಂತು. ಒಳಗಿನ ಕಂದು ಪುಡಿಯನ್ನು ಊದಲು ಗಂಡ ಬಾಯಿ ಹತ್ತಿರ ತಂದ, ಅದನ್ನೂ ತಡೆದೆ. ಬ್ರೇಕ್ ಧೂಳು ಉಸಿರಿಗೆ ಹೋಗಬಾರದು, ಬ್ರೇಕ್ ಕ್ಲೀನರ್ ಹಾಕಿ ಒರೆಸಬೇಕು. ಲೈನಿಂಗ್ ಇಡಿಯಾಗಿತ್ತು, ಡ್ರಮ್ಮನ್ನು ಮರಳುಕಾಗದದಿಂದ ಉಜ್ಜಿ ಕೂರಿಸಿದೆವು. ನಡುವೆ ದೊಡ್ಡ ನಟ್ ಇದ್ದು ಬೇರಿಂಗ್ ಡ್ರಮ್ಮಿನೊಳಗೇ ಇರುವ ಕಾರುಗಳೂ ಇವೆ. ಅವನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಬಿಟ್ಟುಕೊಂಡ ಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಆಗಾಗ ಬ್ರೇಕ್ ಹಿಡಿಯಿರಿ. ಮೊದಲಿಗೆ ಕೆರೆಯುವ ಸದ್ದು ಸಹಜ. ಹೋಗದಿದ್ದರೆ, ಅಥವಾ ಒಂದು ಚಕ್ರ ಇನ್ನೊಂದಕ್ಕಿಂತ ಬಿಸಿಯಾದರೆ, ಗ್ಯಾರೇಜ್. ಕೆಲಸ ಮುಗಿದಾಗ ಅವನ ಹೆಂಡತಿ ಊರಿಂದ ತಂದ ಕೋಡುಬಳೆ ಡಬ್ಬಿಯನ್ನೇ ಮುಂದಿಟ್ಟಳು. ಕೈಯ ಗ್ರೀಸ್ ತೊಳೆಯುವಷ್ಟು ತಾಳ್ಮೆ ನನಗಿರಲಿಲ್ಲ.

ಬ್ರೇಕ್‌ಡೌನ್ ಕವರ್ ಇದೆಯಲ್ಲ ಎನ್ನುತ್ತೀರಿ. ಮಾಮೂಲಿ ಕವರ್ ಹೆಚ್ಚಾಗಿ ಮನೆಯಿಂದ ಕಾಲು ಮೈಲಿ ದಾಟಿದ ಮೇಲೆ ಮಾತ್ರ; ಮನೆ ಬಾಗಿಲಿಗೆ ಬರಬೇಕಾದರೆ ಬೇರೆ ದುಡ್ಡು. ಪಾಲಿಸಿ ತೆಗೆದು ಈಗಲೇ ಓದಿ.

ಇನ್ನು ಮುಖ್ಯ ವಿಷಯ: ಊರಿಗೆ ಹೊರಡುವಾಗ ಕಾರು ನಿಲ್ಲಿಸುವುದು ಹೇಗೆ. ಶಿರಾಡಿ ಘಾಟಿಯಲ್ಲಿ ಲಾರಿ ನಿಂತರೆ ಕ್ಲೀನರ್ ಮೊದಲು ಇಳಿದು ಗಾಲಿಗೆ ಕಲ್ಲು ಕೊಡುತ್ತಿದ್ದ, ನೆನಪಿದೆಯೇ? ಅದೇ ಬುದ್ಧಿ ಇಲ್ಲಿಗೂ ಸಾಕು. ಸಮತಟ್ಟಾದ ನಿಮ್ಮದೇ ಡ್ರೈವ್‌ವೇ ಇದ್ದರೆ, ಬ್ರೇಕ್ ಒಣಗುವಂತೆ ಸ್ವಲ್ಪ ಓಡಿಸಿ ತಂದು, ಗೇರಿನಲ್ಲಿಟ್ಟು, ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ ಹೋಗಿ. ಇಳಿಜಾರಿದ್ದರೆ ಈ ಸಾಹಸ ಬೇಡ. ರಸ್ತೆಯಲ್ಲಿ ನಿಲ್ಲಿಸುವವರು ಹ್ಯಾಂಡ್‌ಬ್ರೇಕ್ ಎಳೆಯಲೇಬೇಕು. ಹೈವೇ ಕೋಡಿನ 239ನೇ ನಿಯಮ ಅದನ್ನೇ ಹೇಳುತ್ತದೆ. ಅಂಥವರು ಯಾರಿಂದಲಾದರೂ ಆಗಾಗ ಕಾರು ಓಡಿಸಬೇಕು. ಬರೀ ಎಂಜಿನ್ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿಗೆ ಲಾಭ, ಬ್ರೇಕಿಗಲ್ಲ.

ಆದರೆ "ತಗೋ ಗುರು, ಕೀ ಇಟ್ಕೊ, ವಾರಕ್ಕೊಂದ್ ರೌಂಡ್ ಹೊಡಿ" ಎಂದು ಬೆಂಗಳೂರಿನಲ್ಲಿ ಹೇಳಿದಂತೆ ಇಲ್ಲಿ ಹೇಳಬೇಡಿ. ಇಲ್ಲಿ ವಿಮೆ ಕಾರಿಗಷ್ಟೇ ಅಲ್ಲ, ಓಡಿಸುವವರಿಗೂ ಬೇಕು. ನಿಮ್ಮ ಪಾಲಿಸಿಯಲ್ಲಿ ಅವರ ಹೆಸರಿಲ್ಲದೆ, ಅವರಿಗೆ ಬೇರೆ ವಿಮೆಯೂ ಇಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿಗೆ 6 ಪಾಯಿಂಟ್. ಇಲ್ಲಿನ ಟೆಸ್ಟ್ ಪಾಸಾಗಿ 2 ವರ್ಷ ತುಂಬಿರದ ಹೊಸಬರಿಗೆ 6 ಪಾಯಿಂಟ್ ಎಂದರೆ ಲೈಸೆನ್ಸೇ ರದ್ದು, ಮತ್ತೆ ಥಿಯರಿಯಿಂದ ಶುರು. ಕೀ ಕೊಟ್ಟ ನೀವೂ ತಪ್ಪಿತಸ್ಥರೇ. ಟಿಕೆಟ್ ಬುಕ್ ಮಾಡಿದ ದಿನವೇ ವಿಮೆಯವರಿಗೆ ಫೋನ್ ಮಾಡಿ ಗೆಳೆಯನ ಹೆಸರು ಸೇರಿಸಿ, ಇಲ್ಲವೇ ಅವನ ಹೆಸರಿಗೆ ಒಂದು ದಿನದ ತಾತ್ಕಾಲಿಕ ವಿಮೆ ಮಾಡಿಸಿ. ಇಷ್ಟು ಮಾಡಿಯೂ ಕಾರು ಜಗ್ಗದಿದ್ದರೆ ಗುಂಪಿನಲ್ಲಿ ಕೇಳಬೇಡಿ, ನೇರ ನನಗೇ ಫೋನ್ ಮಾಡಿ. ಡಬ್ಲ್ಯೂಡಿ-40 ಡಬ್ಬಿ ಮಾತ್ರ ಶೆಡ್ಡಿನಲ್ಲೇ ಇರಲಿ.