ಸಮಷ್ಟಿ ಎಂದರೆ ಯಾರು? – ಒಂದು ಅಭ್ಯಾಸ ಪಾಠ

ಬಾಗಲಕೋಟೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನದ ಮೊದಲ ಪಾಠ. ಉದಾಹರಣೆಗೆ ಇಳಕಲ್ಲನ್ನೇ ತೆಗೆದುಕೊಂಡೆ: ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವ ತಾಸುಗಳಿಗೂ ಬೆನ್ನುನೋವಿಗೂ ಸಂಬಂಧವಿದೆಯೇ? ನೇಯುವ ತಾಸು ಸ್ವತಂತ್ರ ಚಲಕ, ನೋವಿನ ಪ್ರಮಾಣ ಅವಲಂಬಿತ ಚಲಕ. ‘ತಾಸು ಹೆಚ್ಚಿದಂತೆ ನೋವೂ ಹೆಚ್ಚುತ್ತದೆ’ ಎಂಬುದು ಪ್ರಾಕ್ಕಲ್ಪನೆ. ಪರೀಕ್ಷಿಸುವ ಮೊದಲು ಅದನ್ನು ನಂಬುವಂತಿಲ್ಲ. ಇಲ್ಲಿಯವರೆಗೆ ಪಾಠ ಸರಾಗ.

ಎಡವಿದ್ದು ಸಮಷ್ಟಿಯಲ್ಲಿ. ಕಪ್ಪುಹಲಗೆಯ ಮೇಲೆ ‘ಜನಸಂಖ್ಯೆ’ ಎಂದು ಬರೆದುಬಿಟ್ಟೆ. ವಿದ್ಯಾರ್ಥಿಗಳು ಇಡೀ ಊರನ್ನೇ ಎಣಿಸಲು ಹೊರಟರು! ಅಳಿಸಿ ಬರೆದೆ: ಫಲಿತಾಂಶ ಯಾರಿಗೆ ಅನ್ವಯಿಸಬೇಕೋ ಅವರೆಲ್ಲರೂ ಸಮಷ್ಟಿ, ಇಲ್ಲಿ ಇಳಕಲ್ಲಿನ ನೇಕಾರರು, ಅವರಲ್ಲಿ ನಾವು ಆರಿಸಿ ಮಾತನಾಡಿಸುವ ಕೆಲವರು ಮಾದರಿ.

ಹಿಂದಿನ ಬೆಂಚಿನ ಹುಡುಗಿ ಎದ್ದಳು: “ಸರ್, ನಮ್ಮವ್ವ ಮಗ್ಗದಾಗ ಕೂಡಂಗಿಲ್ರಿ, ಕಂಡಿಕಿ ಸುತ್ತತಾಳ. ಆಕಿ ಬೆನ್ನೂ ನೋಯತೈತ್ರಿ. ಆಕಿ ಲೆಕ್ಕಕ್ಕ ಬರ್ತಾಳೋ ಇಲ್ಲೋ?”

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ‘ನೇಕಾರರು’ ಎಂಬುದಕ್ಕೆ ಕಾರ್ಯಾತ್ಮಕ ವ್ಯಾಖ್ಯೆ ಕೊಡದೆ ಮಾದರಿಗೆ ಹಾರಿದ್ದೆ. ಮರುಬೋಧನೆಯಲ್ಲಿ ಕಂಡಿಕೆ ಸುತ್ತುವವರನ್ನೂ ವ್ಯಾಖ್ಯೆಯೊಳಗೆ ತಂದೆವು. ಆಗ ಸ್ವತಂತ್ರ ಚಲಕವನ್ನೂ ತಿದ್ದಬೇಕಾಯಿತು: ನೇಯುವ ತಾಸಲ್ಲ, ಕುಳಿತು ದುಡಿಯುವ ತಾಸು.