ಹಾವು ಸಾಕಲು ಲೈಸೆನ್ಸ್ ಕೇಳಿಕೊಂಡು ಬರುವವರಿಗೆ

ಬೆಂಗಳೂರಿನಲ್ಲಿ ವನ್ಯಜೀವಿ ಕೇಸುಗಳನ್ನು ನಡೆಸುವ ವಕೀಲ ನಾನು. ಮೊದಲೆಲ್ಲ ನನ್ನ ಕಚೇರಿಗೆ ಬರುತ್ತಿದ್ದದ್ದು ಜಿಂಕೆ ಮಾಂಸ, ಆನೆದಂತದ ಪ್ರಕರಣಗಳು. ಈಗ ಫ್ಲ್ಯಾಟಿನಲ್ಲಿ ಗಾಜಿನ ಪೆಟ್ಟಿಗೆಯಿಟ್ಟು ಹೆಬ್ಬಾವಿನ ಮರಿ ಸಾಕಿಕೊಂಡವರೂ ಬರುತ್ತಾರೆ. ಹೆಚ್ಚಿನವರು ಓದಿದವರು, ಅವರ ಪ್ರಾಣಿಪ್ರೀತಿಯಲ್ಲೂ ಕಪಟವಿಲ್ಲ. ಆದರೆ ಹಾವು ಮೊದಲು ಮನೆಗೆ ಬಂದಿರುತ್ತದೆ, ಕಾಗದದ ಯೋಚನೆ ಆಮೇಲೆ ಬರುತ್ತದೆ. ತೊಂದರೆಯೆಲ್ಲ ಶುರುವಾಗುವುದೇ ಅಲ್ಲಿ. ಅವರಿಗೆ ಹೇಳಿ ಹೇಳಿ ನನಗೆ ಬಾಯಿಪಾಠವಾದ ಮಾತುಗಳಿವು.

1. ನಮ್ಮ ನೆಲದ ಹಾವನ್ನು ಸಾಕಲು ಲೈಸೆನ್ಸೇ ಇಲ್ಲ

"ಸಾರ್, ಫೀಸು ಎಷ್ಟಾದರೂ ಆಗಲಿ, ಒಂದು ಪರ್ಮಿಷನ್ ಮಾಡಿಸಿಕೊಡಿ" ಎನ್ನುತ್ತಾರೆ. ಯಾರೂ ಮಾಡಿಸಿಕೊಡಲಾರರು. ನಾಗರಹಾವು, ಕಾಳಿಂಗಸರ್ಪ, ಕೊಳಕುಮಂಡಲ, ಹೆಬ್ಬಾವು, ಕೊನೆಗೆ ಗದ್ದೆ ಬದುವಿನ ಕೇರೆಹಾವು ಕೂಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಅಂದರೆ ಹುಲಿ, ಆನೆಗಳ ಸಾಲಿನಲ್ಲಿ. ತಪ್ಪು ಸಾಬೀತಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಈ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ.

ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ವಿಶೇಷ ಅನುಮತಿಗೆ ಅವಕಾಶವಿದೆ. ಅದು ಶಿಕ್ಷಣ, ಸಂಶೋಧನೆ, ಮಾನ್ಯತೆ ಪಡೆದ ಮೃಗಾಲಯ, ಜೀವರಕ್ಷಕ ಔಷಧಿಗಾಗಿ ವಿಷ ತೆಗೆಯುವ ಕೆಲಸ, ಇಂಥವಕ್ಕೆ ಮಾತ್ರ. ಚೆನ್ನೈ ಬಳಿ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ವಿಷ ಸಂಗ್ರಹಿಸುತ್ತಿರುವುದು ಸರ್ಕಾರದ ಇಂಥ ಅನುಮತಿಯ ಮೇಲೆಯೇ. ಹವ್ಯಾಸಕ್ಕೆಂದು ಅಲ್ಲಿ ಜಾಗವಿಲ್ಲ.

2. "ಮನೆಯಲ್ಲೇ ಹುಟ್ಟಿದ್ದು" ಎನ್ನುವ ಮಾತು ನಡೆಯುವುದಿಲ್ಲ

ಮಾರುವವರು ಕೊಡುವ ಮೊದಲ ಸಮಾಧಾನ ಇದು. ಆದರೆ ಸೆರೆಯಲ್ಲೇ ಹುಟ್ಟಿ ಬೆಳೆದ ಅನುಸೂಚಿತ ಪ್ರಾಣಿಯನ್ನೂ ಕಾಯ್ದೆ ತನ್ನ ವ್ಯಾಪ್ತಿಗೆ ತೆಗೆದುಕೊಳ್ಳುತ್ತದೆ. ಇನ್ನೊಂದು ವಿಷಯವನ್ನು ಕಕ್ಷಿದಾರರು ನಂಬುವುದೇ ಇಲ್ಲ. ಸಾಮಾನ್ಯ ಕ್ರಿಮಿನಲ್ ಕೇಸಿನಲ್ಲಿ ತಪ್ಪನ್ನು ಸಾಬೀತು ಮಾಡಬೇಕಾದವರು ಸರ್ಕಾರದವರು. ಇಲ್ಲಿ 57ನೇ ಸೆಕ್ಷನ್ ಪ್ರಕಾರ ಅಂಥ ಪ್ರಾಣಿ ನಿಮ್ಮ ವಶದಲ್ಲಿತ್ತು ಎಂಬುದಷ್ಟು ಸಿದ್ಧವಾದರೆ ಸಾಕು, ಅದು ಅಕ್ರಮವೆಂದೇ ನ್ಯಾಯಾಲಯ ಭಾವಿಸುತ್ತದೆ. ಸಕ್ರಮವೆಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ.

3. ವಿದೇಶಿ ಹಾವು ಎಂದರೆ ಕಾನೂನೇ ಇಲ್ಲ ಎಂದಲ್ಲ

2022ರ ತಿದ್ದುಪಡಿಗೆ ಮುಂಚೆ ಈ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಭೇದಗಳನ್ನು ನಾಲ್ಕನೇ ಅನುಸೂಚಿಗೆ ಸೇರಿಸಿದರು. ನಮ್ಮ ಊರುಗಳಲ್ಲಿ ಹೆಚ್ಚು ಮಾರಾಟವಾಗುವ ಬಾಲ್ ಪೈಥಾನ್ ಆಫ್ರಿಕಾದ ಹಾವು. ಅದು ಈ ಪಟ್ಟಿಯಲ್ಲಿದೆ, ಆದ್ದರಿಂದ ನೋಂದಣಿ ಕಡ್ಡಾಯ. ಅಮೆರಿಕದ ಕಾರ್ನ್ ಸ್ನೇಕ್ ಪಟ್ಟಿಯಲ್ಲಿಲ್ಲ, ಅದಕ್ಕೆ ಈ ನೋಂದಣಿ ಬೇಕಿಲ್ಲ. ಆದರೆ ಅದು ಈ ದೇಶದೊಳಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಅದನ್ನು ಕೇಳುವವರು ಕಸ್ಟಮ್ಸ್‌ನವರು.

4. ಅರ್ಜಿಗೆ ಗಡುವಿದೆ, ಆ ಗಡುವು ಕಾಯುವುದಿಲ್ಲ

2024ರ ಫೆಬ್ರುವರಿ 28ರಂದು ಕೇಂದ್ರ ಸರ್ಕಾರ ನೋಂದಣಿ ನಿಯಮಗಳನ್ನು ಹೊರಡಿಸಿತು. ಆಗಲೇ ಸಾಕುತ್ತಿದ್ದವರಿಗೆ ಆರು ತಿಂಗಳು ಕೊಟ್ಟಿತ್ತು. ಅದು ಆ ವರ್ಷದ ಆಗಸ್ಟ್‌ನಲ್ಲೇ ಮುಗಿಯಿತು. ಈಗ ಹೊಸದಾಗಿ ಪ್ರಾಣಿ ಕೈಸೇರಿದರೆ 30 ದಿನದೊಳಗೆ 'ಪರಿವೇಶ್ 2.0' ಪೋರ್ಟಲ್ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಬೇಕು. 2020ರಲ್ಲಿ ಒಂದು ಸ್ವಯಂಘೋಷಣೆ ಯೋಜನೆ ಇತ್ತು; ಆಗ ಆರು ತಿಂಗಳೊಳಗೆ ಘೋಷಿಸಿದವರ ಹತ್ತಿರ ದಾಖಲೆ ಕೇಳಲಿಲ್ಲ. ಆ ರಿಯಾಯಿತಿ ಇನ್ನೂ ಇದೆಯೆಂದು ನಂಬಿಸಿ ಮಾರುವವರಿದ್ದಾರೆ. ಅದು ಮುಗಿದ ಕಥೆ.

5. ಸೈಟಿಸ್ ಪರ್ಮಿಟ್ಟಿನ ಜೆರಾಕ್ಸ್ ಕೊಟ್ಟರೆ ಅದನ್ನು ಹಾವಿನ ಪಕ್ಕದಲ್ಲಿಟ್ಟು ಓದಿ

ಸೀಲು, ಸಹಿ ಕಂಡರೆ ಜನ ಒಳಗಿನ ಬರಹ ಓದುವುದಿಲ್ಲ. ನಾನು ಮೊದಲು ನೋಡುವುದು ಪ್ರಭೇದದ ವೈಜ್ಞಾನಿಕ ಹೆಸರು. ಆಮೇಲೆ ಮೂಲದ ಸಂಕೇತಾಕ್ಷರ: 'ಸಿ' ಎಂದಿದ್ದರೆ ಸೆರೆಯಲ್ಲಿ ಹುಟ್ಟಿದ್ದು, 'ಡಬ್ಲ್ಯೂ' ಎಂದಿದ್ದರೆ ಕಾಡಿನಿಂದ ಹಿಡಿದದ್ದು. ಆಮೇಲೆ ಸಂಖ್ಯೆ. ಇಪ್ಪತ್ತು ಹಾವಿಗೆ ಕೊಟ್ಟ ಒಂದೇ ಪರ್ಮಿಟ್ಟಿನ ನಕಲು ವರ್ಷಗಟ್ಟಲೆ ಕೈಯಿಂದ ಕೈಗೆ ಓಡಾಡುತ್ತಿರುತ್ತದೆ. ಕೊನೆಗೆ ತಾರೀಖು. ಸೈಟಿಸ್ ರಫ್ತು ಪರ್ಮಿಟ್ಟಿನ ಆಯಸ್ಸು ಆರೇ ತಿಂಗಳು.

ಪರ್ಮಿಟ್ಟಿನಲ್ಲಿ 2016 ಎಂದಿದೆ, ಪೆಟ್ಟಿಗೆಯಲ್ಲಿರುವುದು ಮೊಳದುದ್ದದ ಮರಿ ಎಂದಿಟ್ಟುಕೊಳ್ಳಿ. ಅಂದ ಮೇಲೆ ಆ ಕಾಗದ ಈ ಹಾವಿನದ್ದಲ್ಲ. "ಇಲ್ಲೇ ಮೊಟ್ಟೆಯೊಡೆದು ಬಂದದ್ದು" ಎಂದರೆ ತಾಯಿಹಾವಿನ ನೋಂದಣಿ, ಮರಿ ಹುಟ್ಟಿದ ವರದಿ, ನಿಮಗೆ ವರ್ಗಾವಣೆಯಾದ ದಾಖಲೆ, ಈ ಮೂರನ್ನೂ ಕೇಳಿ. ಕೊಡದಿದ್ದರೆ ಅಲ್ಲಿಂದ ಎದ್ದು ಬನ್ನಿ.

6. ನೋಂದಣಿ ಒಂದು ಸಲ ಮಾಡಿ ಮರೆಯುವ ಕೆಲಸವಲ್ಲ

ಹಾವು ಮರಿ ಮಾಡಿದರೆ ತಿಳಿಸಬೇಕು, ಸತ್ತರೆ ತಿಳಿಸಬೇಕು, ಇನ್ನೊಬ್ಬರಿಗೆ ಕೊಟ್ಟರೂ ತಿಳಿಸಬೇಕು. ಅಮೆರಿಕಕ್ಕೆ ಹೊರಟವರು ಸ್ನೇಹಿತರ ಮನೆಯಲ್ಲಿ ಹಾವು ಬಿಟ್ಟು ಹೋಗುವುದುಂಟು. ಕಾಗದ ಒಬ್ಬರ ಹೆಸರಲ್ಲಿ, ಹಾವು ಇನ್ನೊಬ್ಬರ ಮನೆಯಲ್ಲಿ ಇದ್ದರೆ ಇಬ್ಬರಿಗೂ ತಾಪತ್ರಯ. ಬಾಲ್ ಪೈಥಾನ್ ಚೆನ್ನಾಗಿ ಸಾಕಿದರೆ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಅಷ್ಟು ಕಾಲ ಈ ಕಡತವನ್ನೂ ಸಾಕಬೇಕು. ನಾಲ್ಕನೇ ಅನುಸೂಚಿಯ ನಿಯಮ ಮೀರಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

7. ವಿದೇಶದ ಲೈಸೆನ್ಸ್ ವಿದೇಶದಲ್ಲೇ

ಹೊರದೇಶದಲ್ಲಿರುವ ಕನ್ನಡಿಗರು ಕೇಳುವ ಪ್ರಶ್ನೆ: "ಇಲ್ಲಿ ಕಾನೂನುಬದ್ಧವಾಗಿ ಸಾಕಿದ್ದೇವೆ, ವಾಪಸ್ ಬರುವಾಗ ತರಬಹುದಾ?" ಒಂದೊಂದು ದೇಶದ್ದು ಒಂದೊಂದು ರೀತಿ. ಬ್ರಿಟನ್ನಿನಲ್ಲಿ ನಾಗರಹಾವಿನಂಥ ವಿಷದ ಹಾವಿಗೆ 1976ರ ಅಪಾಯಕಾರಿ ಪ್ರಾಣಿಗಳ ಕಾಯ್ದೆಯಡಿ ಸ್ಥಳೀಯ ಕೌನ್ಸಿಲ್ ಲೈಸೆನ್ಸ್ ಕೊಡುತ್ತದೆ. ನ್ಯೂಜಿಲೆಂಡ್ ಹಾವನ್ನು ದೇಶದೊಳಗೇ ಬಿಡುವುದಿಲ್ಲ. ಭಾರತಕ್ಕೆ ತರಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಲೈಸೆನ್ಸ್, ಸೈಟಿಸ್ ಪ್ರಾಣಿಯಾದರೆ ಅದರ ಪರ್ಮಿಟ್, ಪ್ರಾಣಿ ಕ್ವಾರಂಟೈನ್ ಎಲ್ಲ ಬೇಕು. ನಾಯಿ ಬೆಕ್ಕಿಗಿರುವ ಬ್ಯಾಗೇಜ್ ಸೌಲಭ್ಯ ಹಾವಿಗಿಲ್ಲ.

ಸೂಟ್‌ಕೇಸಿನಲ್ಲಿ ತಂದವರ ಕಥೆ ನಮ್ಮ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗಸರ್ಪ ಸಿಕ್ಕವು. ಜೊತೆಗಿದ್ದ ಆರು ಕ್ಯಾಪುಚಿನ್ ಕೋತಿಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಹತ್ತು ಹಳದಿ ಅನಕೊಂಡಾ. ನಮ್ಮ ಅಂಗಡಿಗಳಿಗೆ ಹಾವು ಬರುವ ಒಂದು ದಾರಿ ಇದು.

8. ಹಿಡಿದ ಹಾವನ್ನು ಇಟ್ಟುಕೊಂಡರೆ ಉರಗಪ್ರೇಮಿಯೂ ಆರೋಪಿಯೇ

ಮನೆಗೆ ಹಾವು ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಹಾವು ಹಿಡಿಯುವವರು ಅದನ್ನು ಬೇಗ ತಕ್ಕ ಜಾಗದಲ್ಲಿ ಬಿಡಬೇಕು, ಇಲಾಖೆಗೆ ತಿಳಿಸಬೇಕು. ಡಬ್ಬಿಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ವಿಡಿಯೊ ಮಾಡಿದರೆ, ಆ ವಿಡಿಯೊ ಮುಂದೆ ಪ್ರಾಸಿಕ್ಯೂಷನ್ ಕೈಯಲ್ಲಿ ಮೊದಲ ಸಾಕ್ಷಿಯಾಗುತ್ತದೆ.

9. ಹೆದರಿಕೊಂಡು ಕಾಡಿಗೆ ಬಿಡಬೇಡಿ

ಪಕ್ಕದ ಫ್ಲ್ಯಾಟಿನವರ ಮೇಲೆ ಕೇಸಾಯಿತೆಂದು ಗೊತ್ತಾದ ಕೂಡಲೇ ರಾತ್ರೋರಾತ್ರಿ ತುರಹಳ್ಳಿ ಕಾಡಿಗೆ ಬಿಟ್ಟು ಬರುವ ಯೋಚನೆ ಬರುತ್ತದೆ. ಆಫ್ರಿಕಾದ ಹಾವು ಅಲ್ಲಿ ಒಂದೋ ಸಾಯುತ್ತದೆ, ಇಲ್ಲವೇ ಅಲ್ಲಿಯ ಜೀವಿಗಳಿಗೆ ಕಂಟಕವಾಗುತ್ತದೆ. ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಸಾಕಿದವರ ಕೈತಪ್ಪಿದ, ಅವರೇ ಬಿಟ್ಟ ಬರ್ಮಾ ಹೆಬ್ಬಾವುಗಳು ಸಂತಾನ ಬೆಳೆಸಿ ಕಾಡಿನ ಪ್ರಾಣಿಗಳನ್ನೇ ಖಾಲಿ ಮಾಡುತ್ತಿವೆ; 2012ರಲ್ಲಿ ಅಮೆರಿಕ ಅವುಗಳ ಆಮದನ್ನೇ ನಿಷೇಧಿಸಿತು. ಕಾಗದವಿಲ್ಲದ ಹಾವು ಮನೆಯಲ್ಲಿದ್ದರೆ ವಕೀಲರನ್ನು ಕಂಡು ಅರಣ್ಯ ಇಲಾಖೆಗೆ ಲಿಖಿತವಾಗಿ ಒಪ್ಪಿಸಿ. ಕೇಸು ತಪ್ಪುತ್ತದೆಂದು ಮಾತು ಕೊಡಲಾರೆ. ತಾವಾಗಿ ಬಂದವರೆಂದು ನ್ಯಾಯಾಧೀಶರ ಮುಂದೆ ಹೇಳಲು ನನಗೊಂದು ಮಾತಾದರೂ ಸಿಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೂ ಹಾವು ಸಾಕಲೇಬೇಕೆಂದರೆ ಮೊದಲು ಕಾಗದ ತರಿಸಿಕೊಳ್ಳಿ, ಆಮೇಲೆ ಹಣ ಕೊಡಿ. ಕಾಗದವಿಲ್ಲದ ಹಾವು ಅರ್ಧ ಬೆಲೆಗೆ ಸಿಕ್ಕರೂ ಬೇಡ. ವಕೀಲರ ಫೀಸು ಅದಕ್ಕಿಂತ ಹೆಚ್ಚಿರುತ್ತದೆ.