ಜಾವಾ ಭಾಷೆಯಲ್ಲಿ ದೂರಸ್ಥ ವಸ್ತುಗಳ ಸಂಪರ್ಕ

ಗಣಕಯಂತ್ರದ ಪ್ರೋಗ್ರಾಮುಗಳಲ್ಲಿ ‘ವಸ್ತು’ ಎಂಬ ಮಾತಿಗೆ ವಿಶೇಷಾರ್ಥವುಂಟು. ಕೆಲವು ವಿವರಗಳನ್ನು ತನ್ನೊಳಗೆ ಕಾಪಾಡಿಕೊಂಡು, ಅವುಗಳ ಮೇಲೆ ನಡೆಯತಕ್ಕ ಕಾರ್ಯಗಳನ್ನೂ ತಾನೇ ನಡೆಸಿಕೊಡುವ ಘಟಕಕ್ಕೆ ಆ ಹೆಸರು. ಇಂಗ್ಲಿಷಿನ ಆಬ್ಜೆಕ್ಟ್ ಎಂಬುದು ಇದೇ. ಒಂದು ವಿದ್ಯಾಸಂಸ್ಥೆಯ ದತ್ತಿನಿಧಿಯ ಲೆಕ್ಕವನ್ನು ಇಂಥದೊಂದು ವಸ್ತುವಾಗಿ ರೂಪಿಸಬಹುದು. ನಿಧಿಯ ಮೊತ್ತ ಅದರೊಳಗಿರುತ್ತದೆ. ‘ಜಮಾ ಮಾಡು’, ‘ಶಿಲ್ಕು ತಿಳಿಸು’ ಎಂಬ ಕರೆಗಳಿಗೆ ಅದು ಓಗೊಡುತ್ತದೆ. ಕರೆಯುವ ಪ್ರೋಗ್ರಾಮೂ ಓಗೊಡುವ ವಸ್ತುವೂ ಒಂದೇ ಯಂತ್ರದ ಒಂದೇ ಸ್ಮೃತಿಯಲ್ಲಿರುವವರೆಗೆ ತೊಡಕಿಲ್ಲ. ಯಂತ್ರ ನಿಂತರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಆದರೆ ಲೆಕ್ಕವು ಕೇಂದ್ರ ಕಚೇರಿಯ ಸರ್ವರಿನಲ್ಲಿದ್ದು, ದಾನಿಗಳಿಂದ ಹಣ ಸ್ವೀಕರಿಸುವ ಗುಮಾಸ್ತ ಬೇರೊಂದು ಊರಿನ ಶಾಖೆಯಲ್ಲಿ ಕುಳಿತಿದ್ದರೆ, ಅವನ ಮುಂದಿನ ಯಂತ್ರದ ಪ್ರೋಗ್ರಾಮು, ಅರ್ಥಾತ್ ಕ್ಲೈಂಟ್, ದೂರದ ಆ ವಸ್ತುವನ್ನು ಕರೆಯುವ ಬಗೆ ಹೇಗೆ?

ಈ ಪ್ರಶ್ನೆಗೆ ಒಂದು ವ್ಯವಸ್ಥಿತ ಉತ್ತರವನ್ನು 1984ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧಕರಾದ ಆಂಡ್ರೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ ಪ್ರಕಟಿಸಿದರು. ದೂರದ ಕಾರ್ಯವನ್ನು ಕರೆಯುವುದು ಹತ್ತಿರದ ಕಾರ್ಯವನ್ನು ಕರೆದಷ್ಟೇ ಸುಲಭವಾಗಿರಬೇಕೆಂಬುದು ಅವರ ಆಶಯವಾಗಿತ್ತು. 1989ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಒಕ್ಕೂಟ ಸ್ಥಾಪಿತವಾಗಿ, 1991ರಲ್ಲಿ ಕೋರ್ಬಾ ಎಂಬ ಮಾನಕದ ಮೊದಲ ಆವೃತ್ತಿಯನ್ನು ಹೊರತಂದಿತು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಾವಾ ಭಾಷೆಯ ಪ್ರಥಮ ಆವೃತ್ತಿ 1996ರಲ್ಲಿ ಬಂದರೆ, 1997ರ ಫೆಬ್ರವರಿಯಲ್ಲಿ ಬಂದ 1.1ನೆಯ ಆವೃತ್ತಿಯಲ್ಲಿ ಆರ್‌ಎಂಐ ಎಂಬ ಸ್ವಂತ ಏರ್ಪಾಡು ಸೇರಿತು. 1998ರ ಕೊನೆಯಲ್ಲಿ ಬಂದ 1.2ನೆಯ ಆವೃತ್ತಿ ಕೋರ್ಬಾವನ್ನೂ ಒಳಗೊಂಡಿತು. ಸಿ, ಸಿ ಪ್ಲಸ್ ಪ್ಲಸ್, ಕೋಬಾಲ್ ಮೊದಲಾದ ಭಾಷೆಗಳ ವಸ್ತುಗಳೂ ಜಾವಾ ವಸ್ತುಗಳೂ ಪರಸ್ಪರ ಮಾತಾಡಲೆಂದು ಕೋರ್ಬಾ. ಎರಡು ಕಡೆಯೂ ಜಾವಾ ಇದ್ದಾಗ ಆರ್‌ಎಂಐ.

ಆರ್‌ಎಂಐ ಏರ್ಪಾಡಿನಲ್ಲಿ ಮೊದಲು ಬರೆಯಬೇಕಾದದ್ದು ಒಂದು ಇಂಟರ್‌ಫೇಸ್. ದೂರದ ವಸ್ತು ಯಾವ ಯಾವ ಕರೆಗಳಿಗೆ ಉತ್ತರಿಸುವುದೆಂಬ ಕರಾರುಪತ್ರವಿದು. ಇದು ‘ರಿಮೋಟ್’ ಎಂಬ ಮೂಲ ಇಂಟರ್‌ಫೇಸಿನ ವಿಸ್ತರಣೆಯಾಗಿರಬೇಕು. ಸರ್ವರಿನಲ್ಲಿ ಈ ಕರಾರನ್ನು ನೆರವೇರಿಸುವ ವಸ್ತುವನ್ನು ಸೃಷ್ಟಿಸಿ, ಒಂದು ಹೆಸರಿನಡಿ ರಿಜಿಸ್ಟ್ರಿಯಲ್ಲಿ ನೋಂದಾಯಿಸುತ್ತಾರೆ. ರಿಜಿಸ್ಟ್ರಿಯು ವಾಡಿಕೆಯಾಗಿ 1099ನೆಯ ಪೋರ್ಟಿನಲ್ಲಿ ಕಾಯುತ್ತಿರುತ್ತದೆ. ಕ್ಲೈಂಟ್ ಆ ಹೆಸರನ್ನು ಹೇಳಿ ಕೇಳಿದಾಗ ಅದರ ಕೈಸೇರುವುದು ವಸ್ತುವಿನ ಪ್ರತಿನಿಧಿ. ಇದಕ್ಕೆ ಸ್ಟಬ್ ಎಂದು ಹೆಸರು. ಸ್ಟಬ್ಬಿಗೆ ಲೆಕ್ಕದ ಅರಿವು ಎಳ್ಳಷ್ಟೂ ಇಲ್ಲ. ಕರೆಯ ಹೆಸರನ್ನೂ ಜೊತೆಗೆ ಕೊಟ್ಟ ಮೌಲ್ಯಗಳನ್ನೂ ಬೈಟುಗಳ ಸಾಲಾಗಿ ಕಟ್ಟಿ ಸರ್ವರಿಗೆ ಕಳುಹಿಸುವುದು, ಬಂದ ಉತ್ತರವನ್ನು ಬಿಚ್ಚಿ ಒಪ್ಪಿಸುವುದು, ಇಷ್ಟೇ ಅದರ ಕೆಲಸ. ಆರಂಭದ ವರ್ಷಗಳಲ್ಲಿ ಸ್ಟಬ್ಬುಗಳನ್ನು ಪ್ರತ್ಯೇಕ ಉಪಕರಣದಿಂದ ತಯಾರಿಸಬೇಕಾಗಿತ್ತು. 2004ರಲ್ಲಿ ಬಂದ ಜಾವಾ 5ರಿಂದ ಈಚೆಗೆ ಅವು ಓಟದ ಸಮಯದಲ್ಲೇ ತಾವಾಗಿ ಹುಟ್ಟುತ್ತವೆ. ಕೋರ್ಬಾದಲ್ಲಿ ಕರಾರುಪತ್ರವನ್ನು ಐಡಿಎಲ್ ಎಂಬ ತಟಸ್ಥ ಭಾಷೆಯಲ್ಲಿ ಬರೆದು, ಅದರಿಂದ ಆಯಾ ಭಾಷೆಯ ಸ್ಟಬ್ಬನ್ನು ಪಡೆಯುತ್ತಾರೆ. ಉಳಿದ ಕ್ರಮ ಬಹುಮಟ್ಟಿಗೆ ಇದೇ.

ಕಲಿಯುವವರು ಎಡವುವ ಒಂದು ಸ್ಥಳವನ್ನು ಇಲ್ಲಿ ಹೇಳಬೇಕು. ಒಂದೇ ಯಂತ್ರದೊಳಗಿನ ಜಾವಾ ಕರೆಯಲ್ಲಿ ದಾನಿಗಳ ಪಟ್ಟಿಯನ್ನು ಕೊಟ್ಟರೆ, ಕೊಟ್ಟವನೂ ಪಡೆದವನೂ ನೋಡುವುದು ಒಂದೇ ಪಟ್ಟಿಯನ್ನು. ದೂರದ ಕರೆಯಲ್ಲಿ ಹಾಗಿಲ್ಲ. ಅಲ್ಲಿ ಸಾಮಾನ್ಯ ವಸ್ತುವಿನ ನಕಲು ಹೋಗುತ್ತದೆ. ದೂರಸ್ಥವೆಂದು ಪ್ರಕಟಿಸಲಾದ ವಸ್ತುವಿನ ಸ್ಟಬ್ ಮಾತ್ರ ಹೋಗುತ್ತದೆ. ಶಾಖೆಯ ಪ್ರೋಗ್ರಾಮು ತಾನು ಪಡೆದ ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಕೇಂದ್ರದ ಪಟ್ಟಿ ಇದ್ದಂತೆಯೇ ಇರುತ್ತದೆ. ದೋಷಸೂಚನೆ ಯಾವುದೂ ಬರುವುದಿಲ್ಲವಾದ್ದರಿಂದ ಇದನ್ನು ಕಂಡುಹಿಡಿಯಲು ದಿನಗಟ್ಟಲೆ ಹಿಡಿದರೂ ಆಶ್ಚರ್ಯವಿಲ್ಲ.

ಇದಕ್ಕಿಂತ ಗಹನವಾದ ಸಮಸ್ಯೆ ಮತ್ತೊಂದಿದೆ. ಶಾಖೆಯ ಗುಮಾಸ್ತ 5,000 ರೂಪಾಯಿಯ ದತ್ತಿಯನ್ನು ಜಮಾ ಮಾಡಲು ಗುಂಡಿ ಒತ್ತುತ್ತಾನೆ. ಕರೆ ಹೋಗುತ್ತದೆ, ಉತ್ತರ ಬರುವುದಿಲ್ಲ. ಕರೆ ದಾರಿಯಲ್ಲೇ ಕಳೆದಿರಬಹುದು. ಸರ್ವರ್ ಅದನ್ನು ಪಡೆದು, ಹಣ ಜಮಾ ಮಾಡುವ ಮೊದಲೇ ನಿಂತಿರಬಹುದು. ಜಮಾ ಆದ ಮೇಲೆ ಉತ್ತರ ಕಳೆದಿರಲೂಬಹುದು. ಕ್ಲೈಂಟಿನ ಕಡೆಯಿಂದ ನೋಡುವಾಗ ಈ ಮೂರಕ್ಕೂ ಲಕ್ಷಣ ಒಂದೇ. ಹಿಂದಿನ ಕಾಲದ ಮನಿಯಾರ್ಡರನ್ನು ಬಲ್ಲವರಿಗೆ ಈ ಸಂಕಟ ಹೊಸದೆನಿಸದು: ಸಹಿಯಾದ ರಸೀತಿ ಹಿಂದಿರುಗದಿದ್ದರೆ ಹಣ ತಲುಪಿಲ್ಲವೆಂದು ಹೇಳುವಂತಿಲ್ಲ, ತಲುಪಿದೆಯೆಂದೂ ಹೇಳುವಂತಿಲ್ಲ. ಗುಮಾಸ್ತ ಮತ್ತೊಮ್ಮೆ ಗುಂಡಿ ಒತ್ತಿದರೆ 5,000 ಇದ್ದದ್ದು 10,000 ಆಗಬಹುದು. ಒತ್ತದಿದ್ದರೆ ದಾನಿಯ ಹಣ ಲೆಕ್ಕಕ್ಕೇ ಬಾರದೆ ಹೋಗಬಹುದು.

ದೂರದ ವಸ್ತುವನ್ನು ಹತ್ತಿರದ್ದರಂತೆ ತೋರಿಸುವ ಆಶಯವನ್ನೇ ಈ ಕಾರಣದಿಂದ ಸನ್ ಸಂಸ್ಥೆಯ ಜಿಮ್ ವಾಲ್ಡೊ ಮತ್ತು ಮೂವರು ಸಹೋದ್ಯೋಗಿಗಳು 1994ರ ತಮ್ಮ ಪ್ರಬಂಧದಲ್ಲಿ ಪ್ರಶ್ನಿಸಿದರು. ಕರೆಯ ವೇಗದ ವ್ಯತ್ಯಾಸವನ್ನು ಹೇಗಾದರೂ ನಿಭಾಯಿಸಬಹುದು. ಒಂದು ಭಾಗ ಕೆಟ್ಟು ಇನ್ನೊಂದು ಭಾಗ ನಡೆಯುತ್ತಲೇ ಇರುವ ಸ್ಥಿತಿಯನ್ನು ಮರೆಮಾಚಲಾಗದು ಎಂಬುದು ಅವರ ವಾದದ ತಿರುಳು. ಆ ಮೂವರಲ್ಲಿ ಒಬ್ಬರಾದ ಆನ್ ವೋಲ್‌ರಾತ್ ಮುಂದೆ ಆರ್‌ಎಂಐಯ ಪ್ರಧಾನ ರಚನಕಾರರಾದದ್ದರಿಂದ, ಈ ವಾದ ಕಾಗದದಲ್ಲೇ ಉಳಿಯಲಿಲ್ಲ. ಆರ್‌ಎಂಐಯಲ್ಲಿ ದೂರದ ಪ್ರತಿಯೊಂದು ಕರೆಯೂ ‘ರಿಮೋಟ್ ಎಕ್ಸೆಪ್ಷನ್’ ಎಂಬ ವಿಪತ್ತನ್ನು ಮೊದಲೇ ಘೋಷಿಸಬೇಕು. ಕ್ಲೈಂಟ್ ಬರೆಯುವವನು ಅದಕ್ಕೊಂದು ದಾರಿ ತೋರಿಸದಿದ್ದರೆ ಕಂಪೈಲರ್ ಪ್ರೋಗ್ರಾಮನ್ನು ಅಂಗೀಕರಿಸುವುದಿಲ್ಲ. ಈ ನಿರ್ಬಂಧವನ್ನು ಕಿರಿಕಿರಿಯೆಂದು ದೂರಿದವರುಂಟು, ಆ ವಿಪತ್ತನ್ನು ಹಿಡಿದು ಏನೂ ಮಾಡದೆ ಬಿಟ್ಟವರೂ ಉಂಟು. ಆ ದೂರು ನ್ಯಾಯವಾದದ್ದಲ್ಲ. ಜಾವಾದ ಕೋರ್ಬಾದಲ್ಲಿ ಇಂಥ ನಿರ್ಬಂಧವಿಲ್ಲ. ಆದರೆ ಅಲ್ಲಿಯ ದೋಷವಾರ್ತೆಯಲ್ಲಿ ಕೆಲಸದ ಸ್ಥಿತಿಯನ್ನು ತಿಳಿಸುವ ಒಂದು ಅಂಕಣವಿದ್ದು, ‘ಮುಗಿದಿದೆ’, ‘ಮುಗಿದಿಲ್ಲ’ ಎಂಬ ಮೌಲ್ಯಗಳ ಜೊತೆಗೆ ‘ಮುಗಿದಿರಬಹುದು’ ಎಂಬ ಮೂರನೆಯದೂ ಉಂಟು. ಯಂತ್ರವೊಂದು ತನಗೆ ತಿಳಿಯದೆಂದು ಒಪ್ಪಿಕೊಳ್ಳಲು ಮಾನಕವೇ ಅವಕಾಶವಿತ್ತಿರುವುದು ಮೆಚ್ಚತಕ್ಕದ್ದು.

ಪರಿಹಾರವಿರುವುದು ಕರೆಯ ರಚನೆಯಲ್ಲೇ. ‘5,000 ಜಮಾ ಮಾಡು’ ಎನ್ನುವುದರ ಬದಲು, ಶಾಖೆಯ ಯಂತ್ರವೇ ಮೊದಲು ಒಂದು ರಸೀತಿ ಸಂಖ್ಯೆಯನ್ನು ನಿಗದಿಪಡಿಸಿ, ‘ಈ ಸಂಖ್ಯೆಯ ರಸೀತಿಗೆ 5,000 ಜಮಾ ಮಾಡು’ ಎಂದು ಕರೆಯಬೇಕು. ಸರ್ವರ್ ಜಮಾ ಆದ ಸಂಖ್ಯೆಗಳನ್ನು ಮೊತ್ತದ ಜೊತೆಗೇ, ಒಂದೇ ವ್ಯವಹಾರವಾಗಿ, ಡಿಸ್ಕಿನಲ್ಲಿ ದಾಖಲಿಸಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಹಣ ಸೇರಿಸದೆ ಹಳೆಯ ಉತ್ತರವನ್ನೇ ಹಿಂದಿರುಗಿಸಬೇಕು. ಆಗ ಗುಮಾಸ್ತ ಉತ್ತರ ಬರುವವರೆಗೆ ಎಷ್ಟು ಸಲ ಗುಂಡಿ ಒತ್ತಿದರೂ ಬಾಧಕವಿಲ್ಲ. ಸಂಖ್ಯೆಯನ್ನು ಸರ್ವರ್ ಕೊಡುವಂತೆ ಮಾಡಿದರೆ ಮಾತ್ರ ಪ್ರಯೋಜನವಾಗದು, ಏಕೆಂದರೆ ಸಂಖ್ಯೆಯನ್ನು ಹೊತ್ತ ಉತ್ತರವೇ ಕಳೆದುಹೋಗಬಹುದು.

ಕೋರ್ಬಾವನ್ನು 2018ರಲ್ಲಿ ಬಂದ ಜಾವಾ 11ರಿಂದ ತೆಗೆದುಹಾಕಲಾಯಿತು. ಆರ್‌ಎಂಐ ಉಳಿದಿದ್ದರೂ ಹೊಸ ಕೆಲಸಗಳಿಗೆ ಅದರ ಬಳಕೆ ವಿರಳ. ಅಪರಿಚಿತರಿಂದ ಬಂದ ಬೈಟುಗಳನ್ನು ಬಿಚ್ಚಿ ವಸ್ತುವಾಗಿಸುವುದು ಅಪಾಯಕಾರಿಯೆಂದು ಕಂಡುಬಂದುದರಿಂದ, 2017ರ ಜಾವಾ 9ರಲ್ಲಿ ಅದಕ್ಕೆ ಶೋಧಕವೊಂದನ್ನು ಅಳವಡಿಸಲಾಯಿತು. ಈಗ ಪ್ರಚಾರದಲ್ಲಿರುವ, 2015ರಲ್ಲಿ ಗೂಗಲ್ ಬಿಡುಗಡೆ ಮಾಡಿದ ಜಿಆರ್‌ಪಿಸಿಯಲ್ಲಿಯೂ ಸ್ಟಬ್ಬುಗಳಿವೆ, ಭಾಷಾತಟಸ್ಥ ಕರಾರುಪತ್ರವಿದೆ. ಅವಧಿ ಮೀರಿತೆಂಬ ದೋಷವಾರ್ತೆ ಬಂದಾಗಲೂ ಕೆಲಸ ಸರ್ವರಿನಲ್ಲಿ ಯಶಸ್ವಿಯಾಗಿ ಮುಗಿದಿರಬಹುದೆಂದು ಅದರ ಕೈಪಿಡಿ ಎಚ್ಚರಿಸುತ್ತದೆ. ರಸೀತಿ ಸಂಖ್ಯೆಯನ್ನು ಅಲ್ಲಿಯೂ ಪ್ರೋಗ್ರಾಮು ಬರೆಯುವವನೇ ಸೇರಿಸಬೇಕು.